ನಾಯಿಯ ಸೊಂಟ ಮುರಿದರೆ ದಂಡ 50 ರೂಪಾಯಿ. ಆ ಮನೆಯೊಳಗಿನ ಹೆಂಗಸು ಮಗುವಿನ ಗತಿ ಏನು?

ಹೊಲಿಗೆ ಯಂತ್ರ:
ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಒಂದು ಪಟ್ಟಣದಲ್ಲಿದ್ದೇನೆ, ಊರಿನ ಹೆಸರು ಬೇಡ. ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ಯಂತ್ರ ಕಿಟಕಿಯ ಪಕ್ಕದಲ್ಲಿದೆ, ಕಿಟಕಿ ಓಣಿಗೆ ತೆರೆಯುತ್ತದೆ. ಸೋಮವಾರ ಮಧ್ಯಾಹ್ನ ಎದುರು ಮನೆಯಾತ ನಮ್ಮ ಓಣಿಯ ಕರಿಯನನ್ನು ಕಬ್ಬಿಣದ ಪೈಪಿನಿಂದ ಹೊಡೆದ. ಕರಿಯ ಯಾರೊಬ್ಬರ ನಾಯಿಯೂ ಅಲ್ಲ, ಎಲ್ಲರ ಮನೆಯ ರೊಟ್ಟಿ ತಿಂದು ಬೆಳೆದದ್ದು. ಆತನ ಬೈಕಿನ ನೆರಳಿನಲ್ಲಿ ಮಲಗಿತ್ತು, ಅಷ್ಟೇ ಅದರ ತಪ್ಪು. ನಾನು ಎದ್ದು ಬಾಗಿಲು ತೆಗೆಯುವಷ್ಟರಲ್ಲಿ ಐದಾರು ಏಟು ಬಿದ್ದಿದ್ದವು. ಹಿಂಗಾಲು ಎರಡನ್ನೂ ಎಳೆದುಕೊಂಡು ಚರಂಡಿಯ ಚಪ್ಪಡಿ ಕೆಳಗೆ ಹೋಗಿ ಸೇರಿತು. ಮುಂಗಾಲಿನ ಉಗುರು ಸಿಮೆಂಟನ್ನು ಕೆರೆದ ಸದ್ದು ಇನ್ನೂ ಕಿವಿಯಲ್ಲಿದೆ.

ಆತನ ಮಗ ಮೂರನೇ ತರಗತಿ. ಹೊಸ್ತಿಲ ಮೇಲೆ ನಿಂತು ನೋಡುತ್ತಿದ್ದ. ಅಳಲಿಲ್ಲ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದ. ಆ ಮುಚ್ಚಿಕೊಂಡ ರೀತಿ ನೋಡಿದರೆ ಅದು ಆ ಮಗುವಿಗೆ ಅಭ್ಯಾಸವಾಗಿದೆ ಅನ್ನಿಸಿತು. ಅದೇ ರಾತ್ರಿ ಆ ಮನೆಯಿಂದ ಪಾತ್ರೆ ಬಿದ್ದ ಸದ್ದು ಬಂತು, ಹೆಂಗಸಿನ ದನಿ ಒಮ್ಮೆ ಕೇಳಿತು, ಆಮೇಲೆ ಏನೂ ಇಲ್ಲ.

ಮರುದಿನ ಠಾಣೆಗೆ ಹೋದೆ. "ನಾಯಿ ಯಾರದು? ಮಾಲೀಕರು ಬಂದು ದೂರು ಕೊಡಲಿ. ಕೊಟ್ಟರೂ ಐವತ್ತು ರೂಪಾಯಿ ದಂಡ ಕಟ್ಟಿ ಹೋಗುತ್ತಾನೆ, ನಿಮಗೆ ಯಾಕೆ ತಂಟೆ" ಎಂದರು. ನಿಜವಾಗಿಯೂ ಕಾನೂನಿನಲ್ಲಿ ಇಷ್ಟೇ ಇದೆಯೇ? ನಾಯಿಗೆ ಹೀಗೆ ಹೊಡೆದವನು ಮನೆಯವರಿಗೂ ಹೊಡೆಯುತ್ತಾನೆ ಎಂದು ನಾನು ಭಯಪಡುವುದು ಸರಿಯೇ, ಅಥವಾ ಕಲ್ಪನೆಯೇ? ತಿಳಿದವರು ಹೇಳಿ.

ಕೌಲ್‌ಬಜಾರ್ ಗಾಳಿ:
ಅಕ್ಕಾ, ಇಂಥವರನ್ನು ಅದೇ ಪೈಪಿನಿಂದ ಹೊಡೆಯಬೇಕು. ಓಣಿಯವರೆಲ್ಲ ಸೇರಿ ಒಂದು ಸಲ ಬುದ್ಧಿ ಕಲಿಸಿದರೆ ಮತ್ತೆ ಕೈ ಎತ್ತುವುದಿಲ್ಲ.

ಮೂರನೇ ಬೆಂಚು:
ತಮ್ಮಾ, ಓಣಿಯವರು ಹೊಡೆದು ಮನೆಗೆ ಹೋಗುತ್ತಾರೆ. ಆಮೇಲೆ ಬಾಗಿಲು ಹಾಕಿಕೊಂಡು ಆತ ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುತ್ತಾನೆ? ಅದನ್ನು ಮೊದಲು ಯೋಚಿಸು.

ವಕಾಲತ್ತು ರಾಯಚೂರು:
ಠಾಣೆಯವರು ಹೇಳಿದ್ದು ಅರ್ಧ ನಿಜ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರದ್ದು. ಅದರ 11ನೇ ಕಲಮಿನ ಪ್ರಕಾರ ಮೊದಲ ಸಲ ತಪ್ಪು ಮಾಡಿದವನಿಗೆ 10ರಿಂದ 50 ರೂಪಾಯಿ ದಂಡ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅಂದು ಬರೆದ ಅಂಕಿ ಇಂದಿಗೂ ಅದೇ. 2022ರಲ್ಲಿ ಕೇಂದ್ರ ಸರ್ಕಾರ ತಿದ್ದುಪಡಿ ಕರಡನ್ನು ಸಾರ್ವಜನಿಕರ ಮುಂದಿಟ್ಟಿತ್ತು, ಘೋರ ಕ್ರೌರ್ಯಕ್ಕೆ ಜೈಲುಶಿಕ್ಷೆ ಹೆಚ್ಚಿಸುವ ಪ್ರಸ್ತಾಪವೂ ಅದರಲ್ಲಿತ್ತು.

ಆದರೆ ಅವರು ಹೇಳದೆ ಬಿಟ್ಟ ಅರ್ಧ ಮುಖ್ಯ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮನ್ನು ನೋಡಿ. 2024ರ ಜುಲೈ 1ರಿಂದ ಜಾರಿಯಲ್ಲಿದೆ. ಯಾವುದೇ ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ, ಅಂಗ ಊನ ಮಾಡಿದರೆ ಐದು ವರ್ಷದವರೆಗೆ ಶಿಕ್ಷೆ, ಅಥವಾ ದಂಡ, ಅಥವಾ ಎರಡೂ. ಹಳೆಯ ದಂಡ ಸಂಹಿತೆಯಲ್ಲಿ 428, 429 ಎಂದು ಎರಡು ಕಲಮುಗಳಿದ್ದವು. ಹತ್ತು ರೂಪಾಯಿ ಬೆಲೆಯ ಪ್ರಾಣಿಗೆ ಒಂದು ಶಿಕ್ಷೆ, ಐವತ್ತು ರೂಪಾಯಿಯದ್ದಕ್ಕೆ ಇನ್ನೊಂದು ಶಿಕ್ಷೆ. ಆ ಬೆಲೆ ಕಟ್ಟುವ ಲೆಕ್ಕ ಈಗ ಹೋಗಿದೆ. ಪೊಲೀಸರು ನ್ಯಾಯಾಲಯದ ಅಪ್ಪಣೆಗೆ ಕಾಯದೆ ತನಿಖೆ ಮಾಡಬಹುದಾದ ಅಪರಾಧ ಇದು. ಸೊಂಟ ಮುರಿದದ್ದು ಅಂಗ ಊನವಲ್ಲದೆ ಇನ್ನೇನು?

ಒಂದು ತೊಡಕು ಮಾತ್ರ ಇದೆ. ಈ ಕಲಮು ಆಸ್ತಿಗೆ ಸಂಬಂಧಿಸಿದ ಅಪರಾಧಗಳ ಅಧ್ಯಾಯದಲ್ಲಿದೆ. ಬೀದಿನಾಯಿ ಯಾರ ಆಸ್ತಿ ಎಂದು ಎದುರು ವಕೀಲರು ಕೇಳುತ್ತಾರೆ. ಅದಕ್ಕೆ ಉತ್ತರ ಕೊಡಬಹುದು. ಮೊದಲು ದೂರು ಕಾಗದಕ್ಕೆ ಇಳಿಯಬೇಕು.

ಹೊಲಿಗೆ ಯಂತ್ರ:
ಸರ್, ತುಂಬಾ ಉಪಕಾರ. 325 ಎಂದು ಅಳತೆ ಪುಸ್ತಕದಲ್ಲಿ ಬರೆದುಕೊಂಡೆ.

ಸಿರುಗುಪ್ಪದ ಅಪ್ಪ:
ನಾನು ಒಂದು ಮಾತು ಹೇಳುತ್ತೇನೆ, ಯಾರೂ ಬೇಸರ ಮಾಡಿಕೊಳ್ಳಬೇಡಿ. ಹೋದ ವರ್ಷ ನನ್ನ ಆರು ವರ್ಷದ ಮಗಳ ಕೆನ್ನೆಗೆ ನಾಯಿ ಬಾಯಿ ಹಾಕಿತು. ಟ್ಯೂಷನ್ ಮುಗಿಸಿ ಬರುತ್ತಿದ್ದಳು. ಹೊಲಿಗೆ ಬಿತ್ತು, ಚುಚ್ಚುಮದ್ದಿಗೆ ಐದು ಸಲ ಕರೆದುಕೊಂಡು ಹೋದೆ, ಇವತ್ತಿಗೂ ಆ ದಾರಿಯಲ್ಲಿ ನನ್ನ ಬೆರಳು ಬಿಡುವುದಿಲ್ಲ. ನಾಯಿಗಾಗಿ ಇಷ್ಟು ಜನ ಬರೆಯುತ್ತೀರಿ. ನನ್ನ ಮಗಳಿಗಾಗಿ ಯಾರು ಬರೆದರು?

ಮೂರನೇ ಬೆಂಚು:
ಅಣ್ಣಾ, ನಿಮ್ಮ ಮಗಳ ನೋವು ಸಣ್ಣದಲ್ಲ. ಆದರೆ ಕಚ್ಚಿದ ನಾಯಿ ಬೇರೆ, ನೆರಳಲ್ಲಿ ಮಲಗಿದ ನಾಯಿ ಬೇರೆ.

ಪಶುವೈದ್ಯ ಬಳ್ಳಾರಿ:
ಸಿರುಗುಪ್ಪದ ಸಹೋದರರೇ, ನಿಮ್ಮ ಸಿಟ್ಟು ನ್ಯಾಯವಾದದ್ದು, ಆದರೆ ಅದು ತಲುಪಬೇಕಾದ ವಿಳಾಸ ಸ್ಥಳೀಯ ಸಂಸ್ಥೆಯದು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸಬೇಕಾದದ್ದು ಅವರ ಕರ್ತವ್ಯ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಕೂಡ, ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯಾದ ನಾಯಿಗಳನ್ನು ಹಿಡಿದ ಜಾಗದಲ್ಲೇ ಬಿಡಬೇಕು, ರೇಬಿಸ್ ಇರುವ ಮತ್ತು ಆಕ್ರಮಣಕಾರಿ ನಾಯಿಗಳನ್ನು ಬಿಡಬಾರದು ಎಂದಿತು. ಹೊಡೆದ ನಾಯಿ ಮನುಷ್ಯರನ್ನು ಕಂಡರೆ ಹೆದರುತ್ತದೆ, ಹೆದರಿದ ನಾಯಿಯೇ ಬೇಗ ಕಚ್ಚುತ್ತದೆ. ಪೈಪು ಹಿಡಿದವನು ನಿಮ್ಮ ಮಗಳ ದಾರಿಯನ್ನು ಸುರಕ್ಷಿತ ಮಾಡುತ್ತಿಲ್ಲ. ಕಚ್ಚಿದ ತಕ್ಷಣ ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಗಾಯ ತೊಳೆದು ಆಸ್ಪತ್ರೆಗೆ ಓಡಬೇಕು, ಇದನ್ನು ಎಲ್ಲರೂ ನೆನಪಿಡಿ. ಅರಿಸಿನ, ಸುಣ್ಣ ಹಚ್ಚಬೇಡಿ.

ಹೊಲಿಗೆ ಯಂತ್ರ ಅಕ್ಕನವರೇ, ಕರಿಯ ಬದುಕಿದ್ದರೆ 1962ಕ್ಕೆ ಕರೆ ಮಾಡಿ. ಪಶು ಆಂಬುಲೆನ್ಸ್ ಬರುತ್ತದೆ. ನೋಡಿದ ವೈದ್ಯರಿಂದ ಗಾಯದ ವಿವರವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ದಿನಾಂಕ, ಯಾವ ಮೂಳೆ, ಎಂಥ ಏಟಿನಿಂದ ಆದದ್ದು, ಇಷ್ಟು ಇರಲಿ. ಎಷ್ಟೋ ದೂರುಗಳು ಬಿದ್ದುಹೋಗುವುದು ಈ ಒಂದು ಹಾಳೆ ಇಲ್ಲದ್ದರಿಂದ.

ಸಿರುಗುಪ್ಪದ ಅಪ್ಪ:
ಡಾಕ್ಟರೇ, ಹೆದರಿದ ನಾಯಿ ಕಚ್ಚುತ್ತದೆ ಎನ್ನುವ ಮಾತು ನನಗೆ ಹೊಸದು. ನಮ್ಮ ಓಣಿಯ ಆ ನಾಯಿಗೆ ಹುಡುಗರು ದಿನವೂ ಕಲ್ಲು ಹೊಡೆಯುತ್ತಿದ್ದರು. ಯೋಚಿಸುತ್ತೇನೆ.

ಕೌಲ್‌ಬಜಾರ್ ಗಾಳಿ:
ಜಗತ್ತಿನ ಸರಣಿ ಹಂತಕರೆಲ್ಲ ಮೊದಲು ಪ್ರಾಣಿಗಳನ್ನು ಕೊಂದವರೇ. ಅಮೆರಿಕದಲ್ಲಿ ಸಾಬೀತಾಗಿದೆ. ಈತ ನಾಳೆ ಮನುಷ್ಯರನ್ನು ಕೊಲ್ಲುತ್ತಾನೆ, ಬರೆದಿಟ್ಟುಕೊಳ್ಳಿ.

ಮನಶ್ಶಾಸ್ತ್ರ ಓದು:
ಹಾಗೆ ಸಾಬೀತಾಗಿಲ್ಲ ಅಣ್ಣಾ. ನಾನು ಬಳ್ಳಾರಿಯಲ್ಲಿ ಮನಶ್ಶಾಸ್ತ್ರ ಓದುತ್ತಿದ್ದೇನೆ, ಈ ವಿಷಯದಲ್ಲೇ ಸೆಮಿನಾರ್ ಮಾಡಿದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ನೀವು ಹೇಳಿದ ಮಾತಿನ ಬೇರು 1963ರಲ್ಲಿದೆ. ಮ್ಯಾಕ್‌ಡೊನಾಲ್ಡ್ ಎಂಬ ಮನೋವೈದ್ಯ, ದೊಡ್ಡ ವಯಸ್ಸಿನವರೆಗೂ ಹಾಸಿಗೆ ಒದ್ದೆ ಮಾಡುವುದು, ಬೆಂಕಿ ಹಚ್ಚುವುದು, ಪ್ರಾಣಿಗಳನ್ನು ಹಿಂಸಿಸುವುದು ಈ ಮೂರೂ ಸೇರಿದರೆ ಅಪಾಯ ಎಂದು ಬರೆದರು. ಆಸ್ಪತ್ರೆಯಲ್ಲಿ ಕಂಡ ನೂರು ರೋಗಿಗಳ ಅನುಭವದ ಮೇಲೆ ಬರೆದದ್ದು ಅದು. ಆಮೇಲಿನ ಸಂಶೋಧಕರು ಅದನ್ನು ಹಾಗೆಯೇ ಒಪ್ಪಲಿಲ್ಲ.

ಹೆಚ್ಚು ಗಟ್ಟಿಯಾದದ್ದು 1999ರ ಅಧ್ಯಯನ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಪ್ರಾಣಿ ಹಿಂಸೆಗೆ ಮೊಕದ್ದಮೆ ಎದುರಿಸಿದ 153 ಜನರನ್ನು ಅದೇ ವಯಸ್ಸಿನ, ಅದೇ ಬೀದಿಗಳ 153 ಜನರ ಜೊತೆ ಹೋಲಿಸಿದರು. ಪ್ರಾಣಿ ಹಿಂಸಕರು ಮನುಷ್ಯರ ಮೇಲೆ ಹಲ್ಲೆಯಂಥ ಅಪರಾಧ ಮಾಡಿದ ಸಾಧ್ಯತೆ ಐದು ಪಟ್ಟಿಗಿಂತ ಹೆಚ್ಚಿತ್ತು. ಆದರೆ ಮೊದಲು ನಾಯಿ, ಆಮೇಲೆ ಮನುಷ್ಯ ಎಂಬ ಮೆಟ್ಟಿಲು ಅಲ್ಲಿ ಕಾಣಲಿಲ್ಲ. ಕೆಲವರು ಮನುಷ್ಯರನ್ನು ಮೊದಲು ಹೊಡೆದಿದ್ದರು, ನಾಯಿಯನ್ನು ಆಮೇಲೆ. ಕಳ್ಳತನ, ಮಾದಕ ವಸ್ತು, ಗಲಾಟೆ ಎಲ್ಲದರಲ್ಲೂ ಅವರ ಪಾಲು ಜಾಸ್ತಿ.

ಅಕ್ಕನ ಪ್ರಶ್ನೆಗೆ ಹತ್ತಿರವಾದದ್ದು 1998ರ ಇನ್ನೊಂದು ಅಧ್ಯಯನ. ಯೂಟಾ ರಾಜ್ಯದಲ್ಲಿ ಗಂಡನ ಅಥವಾ ಸಂಗಾತಿಯ ಹೊಡೆತ ತಾಳದೆ ಆಶ್ರಯ ಕೇಂದ್ರಕ್ಕೆ ಬಂದ 38 ಮಹಿಳೆಯರನ್ನು ಫ್ರಾಂಕ್ ಅಸ್ಸಿಯೋನ್ ಎಂಬ ಸಂಶೋಧಕ ಮಾತನಾಡಿಸಿದರು. ಸಾಕುಪ್ರಾಣಿ ಇದ್ದವರಲ್ಲಿ ನೂರಕ್ಕೆ 71 ಮಂದಿ, ಆತ ಪ್ರಾಣಿಗೆ ಹೊಡೆದ, ಕೊಂದ ಅಥವಾ ಕೊಲ್ಲುತ್ತೇನೆ ಎಂದು ಬೆದರಿಸಿದ ಎಂದರು. ಸಂಖ್ಯೆ ಚಿಕ್ಕದು, ದೇಶ ಬೇರೆ. ಆದರೂ ಅಕ್ಕಾ, ನಿಮ್ಮ ಭಯ ಕಲ್ಪನೆಯಲ್ಲ. ನಾಳೆ ಆತ ಏನು ಮಾಡುತ್ತಾನೆ ಎಂದು ಕೇಳುವುದಕ್ಕಿಂತ ಇವತ್ತು ಆ ಮನೆಯೊಳಗೆ ಏನಾಗುತ್ತಿದೆ ಎಂದು ಕೇಳುವುದೇ ಸರಿ.

ಕೌಲ್‌ಬಜಾರ್ ಗಾಳಿ:
ಸರಿ ತಂಗಿ, ತಿದ್ದಿಕೊಂಡೆ. ಐದು ಪಟ್ಟು ಎನ್ನುವುದೂ ಸಣ್ಣ ಮಾತಲ್ಲ.

ಎರೆಹೊಲ ಮಾನ್ವಿ:
ಎಲ್ಲರೂ ನಾಯಿಯ ಸುತ್ತಲೇ ಇದ್ದೀರಿ. ನಮ್ಮ ಕಡೆ ಎತ್ತಿನ ಕಥೆ ಕೇಳಿ. ಕಾರ ಹುಣ್ಣಿಮೆಯ ದಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹೋಳಿಗೆ ತಿನ್ನಿಸುತ್ತೇವೆ. ಅದೇ ಎತ್ತಿಗೆ ಏಪ್ರಿಲ್ ಬಿಸಿಲಿನಲ್ಲಿ ಬಂಡಿಯ ತುಂಬ ಮರಳು ಹೇರಿ, ತುದಿಗೆ ಮೊಳೆ ಬಡಿದ ಕೋಲಿನಿಂದ ಚುಚ್ಚುತ್ತಾರೆ. ಹೆಗಲಿನ ಹುಣ್ಣಿನ ಮೇಲೆ ನೊಗ ಕೂತಾಗ ಎತ್ತು ಒಂದು ಸಲ ಮೈಯೆಲ್ಲ ಅದುರಿಸುತ್ತದೆ. ಬಳ್ಳಾರಿ, ರಾಯಚೂರು ರಸ್ತೆಯಲ್ಲಿ ಅದನ್ನು ನೋಡದವರು ಯಾರಿದ್ದಾರೆ?

ನಮ್ಮ ಅಪ್ಪ ಬಾರುಕೋಲು ಹಿಡಿಯುತ್ತಿದ್ದರು, ಆದರೆ ಗಾಳಿಯಲ್ಲಿ ಸದ್ದು ಮಾಡಲಿಕ್ಕೆ ಮಾತ್ರ. "ಎತ್ತಿನ ಮೈಮೇಲೆ ಬರೆ ಕಂಡರೆ ಸಂತೆಯಲ್ಲಿ ಬೆಲೆ ಬೀಳುತ್ತದೆ, ಹೊಡೆದವನ ಬೆಲೆ ಅದಕ್ಕಿಂತ ಮೊದಲೇ ಬೀಳುತ್ತದೆ" ಎನ್ನುತ್ತಿದ್ದರು. ಊರಿನಲ್ಲಿ ಹೆಣ್ಣು ಕೊಡುವವರು ವರನ ಮನೆಗೆ ಬಂದರೆ ಮೊದಲು ದನದ ಕೊಟ್ಟಿಗೆ ನೋಡುತ್ತಿದ್ದರು. ಬಡತನ ಸಿರಿತನ ಅಳೆಯಲಿಕ್ಕೆ ಎಂದು ನಾನು ತಿಳಿದಿದ್ದೆ. ಅಜ್ಜಿ ಹೇಳಿದ್ದು ಬೇರೆ. ಮನೆಯ ಗಂಡಸು ಹತ್ತಿರ ಹೋದಾಗ ದನ ಕಿವಿ ಆಡಿಸುತ್ತದೋ, ಹಿಂದೆ ಸರಿಯುತ್ತದೋ ಎಂದು ನೋಡುತ್ತಿದ್ದರಂತೆ.

ಮನಶ್ಶಾಸ್ತ್ರ ಓದು:
ನಿಮ್ಮ ಅಜ್ಜಿಯ ಮಾತು ನನ್ನ ಸೆಮಿನಾರಿನಲ್ಲಿ ಇರಬೇಕಿತ್ತು!

ವಕಾಲತ್ತು ರಾಯಚೂರು:
ಮಾನ್ವಿಯ ಅಣ್ಣನವರೇ, ಅದಕ್ಕೂ ನಿಯಮವಿದೆ. 1965ರಲ್ಲೇ ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ನಿಯಮಗಳು ಬಂದಿವೆ. ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ಬಿಡುವಿಲ್ಲದೆ ಐದು ಗಂಟೆ ಮೀರಬಾರದು. ಉಷ್ಣಾಂಶ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವಂತಿಲ್ಲ. ಮೊಳೆಯ ಕೋಲೂ ನಿಷಿದ್ಧ.

ಎರೆಹೊಲ ಮಾನ್ವಿ:
37 ಡಿಗ್ರಿ! ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ ಅದನ್ನು ದಾಟದ ದಿನವೇ ಅಪರೂಪ. ಹಾಗಾದರೆ ಏಪ್ರಿಲ್, ಮೇ ಪೂರ್ತಿ ಆ ಮೂರು ಗಂಟೆ ಬಂಡಿ ಕಟ್ಟುವಂತೆಯೇ ಇಲ್ಲ. ಇದನ್ನು ನನಗೆ ಐವತ್ತೆರಡು ವರ್ಷದಲ್ಲಿ ಒಬ್ಬರೂ ಹೇಳಿಲ್ಲ. ಪಂಚಾಯಿತಿ ಗೋಡೆಯ ಮೇಲೆ ಬರೆಸಬೇಕಾದ ಮಾತು.

ಹಂಪಿ ದಾರಿ:
ಹಾಗಾದರೆ ರಾಯಚೂರಿನಲ್ಲಿ ಕಾರ ಹುಣ್ಣಿಮೆಗೆ ಎತ್ತುಗಳಿಂದ ಭಾರದ ಕಲ್ಲು ಎಳೆಸುವ ಸ್ಪರ್ಧೆ ನಡೆಯುತ್ತದಲ್ಲ, ಅದು ಹಿಂಸೆಯೋ ಸಂಪ್ರದಾಯವೋ? ಕಂಬಳಕ್ಕೆ ಅನುಮತಿ ಇದೆ ಎಂದು ಕೇಳಿದ್ದೇನೆ.

ವಕಾಲತ್ತು ರಾಯಚೂರು:
2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟವನ್ನು ನಿಷೇಧಿಸಿತ್ತು. 2017ರಲ್ಲಿ ಕರ್ನಾಟಕ ತನ್ನದೇ ತಿದ್ದುಪಡಿ ತಂದು ಕಂಬಳ, ಎತ್ತಿನ ಓಟ, ಗಾಡಿ ಓಟಗಳಿಗೆ ಅವಕಾಶ ಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಆದರೆ ಅನಗತ್ಯ ನೋವು ಕೊಡಬಾರದು ಎಂಬ ಷರತ್ತು ಉಳಿದೇ ಇದೆ. ಓಟಕ್ಕೆ ಅನುಮತಿ ಇದೆ ಎಂದರೆ ಮೊಳೆಗೆ ಅನುಮತಿ ಇದೆ ಎಂದಲ್ಲ.

ಎರೆಹೊಲ ಮಾನ್ವಿ:
ಸ್ಪರ್ಧೆಗೆ ಎತ್ತು ಸಾಕುವವರು ಮಕ್ಕಳಿಗಿಂತ ಹೆಚ್ಚಾಗಿ ನೋಡಿಕೊಳ್ಳುತ್ತಾರೆ, ಹುರುಳಿ, ಹತ್ತಿಕಾಳು, ಮೊಟ್ಟೆ ಕೂಡ ತಿನ್ನಿಸುತ್ತಾರೆ. ಅಂಥವರನ್ನು ಪೈಪಿನವನ ಸಾಲಿನಲ್ಲಿ ನಿಲ್ಲಿಸಬೇಡಿ. ಗೆಲ್ಲುವ ಆಸೆಗೆ ಬಾಲ ತಿರುಚಿ ಮುರಿಯುವವರೂ ಇದ್ದಾರೆ, ಅದೂ ನಿಜ. ಅವರನ್ನು ಕಣದಿಂದಲೇ ಹೊರಗೆ ಹಾಕಬೇಕು.

ಮಾಂಸದಂಗಡಿ ಕಾಕಾ:
ನಾನು ದಿನವೂ ಕುರಿ ಕಡಿಯುವವನು. ಇಂಥ ಚರ್ಚೆ ಬಂದಾಗಲೆಲ್ಲ ಕೊನೆಗೆ ಬೆರಳು ನಮ್ಮ ಕಡೆಗೇ ತಿರುಗುತ್ತದೆ, ಅದಕ್ಕೆ ಮುಂಚೆಯೇ ಹೇಳುತ್ತೇನೆ. ಅಪ್ಪ ಕಲಿಸಿದ ಮೊದಲ ಪಾಠ, ಒಂದರ ಕಣ್ಣೆದುರು ಇನ್ನೊಂದನ್ನು ಕಡಿಯಬಾರದು, ಅದರ ಮುಂದೆ ಕತ್ತಿ ಮಸೆಯಬಾರದು, ಮೊದಲು ನೀರು ಕುಡಿಸಬೇಕು. ಮೂವತ್ತು ವರ್ಷದಲ್ಲಿ ನಾನು ಸಿಟ್ಟಿನಿಂದ ಒಂದು ಪ್ರಾಣಿಯ ಮೇಲೂ ಕೈ ಹಾಕಿಲ್ಲ. ನಮ್ಮದು ಹೊಟ್ಟೆಪಾಡು. ಆತ ಮಾಡಿದ್ದು ನಾಯಿಯ ಅಳು ಕೇಳಲಿಕ್ಕೆ. ಎರಡನ್ನೂ ಒಂದೇ ಎನ್ನುವವರು ನನ್ನ ಅಂಗಡಿಗೆ ಬಂದು ಒಂದು ಬೆಳಗ್ಗೆ ನಿಲ್ಲಲಿ.

ವಕಾಲತ್ತು ರಾಯಚೂರು:
ಕಾಕಾ, 11ನೇ ಕಲಮಿನಲ್ಲೇ ಆಹಾರಕ್ಕಾಗಿ ಪ್ರಾಣಿ ಕಡಿಯುವುದಕ್ಕೆ ವಿನಾಯಿತಿ ಇದೆ, ಅನಗತ್ಯ ನೋವು ಇರಬಾರದು ಅಷ್ಟೇ. ನಿಮ್ಮ ತಂದೆಯವರು ಕಾನೂನು ಓದದೆಯೇ ಅದನ್ನು ಪಾಲಿಸಿದ್ದರು.

ಕನಕಗಿರಿ ಕುರಿಹಟ್ಟಿ:
ನಮ್ಮ ಕಡೆಯ ತೋಳದ ಮಾತನ್ನೂ ಸೇರಿಸುತ್ತೇನೆ. ಗಂಗಾವತಿ ತಾಲ್ಲೂಕಿನ ಬಂಕಾಪುರ ಈಗ ತೋಳಗಳ ಅಭಯಾರಣ್ಯ, ಇಂಥದ್ದು ರಾಜ್ಯದಲ್ಲಿ ಮೊದಲನೆಯದು. ನಾನು ಚಿಕ್ಕವನಿದ್ದಾಗ ತೋಳ ಮರಿ ಹಾಕಿದ ಗುಹೆಗೆ ಹೊಗೆ ಹಾಕುತ್ತಿದ್ದರು. ಆರೇಳು ಮರಿ ಕಳೆದುಕೊಂಡ ಕುರಿಗಾರನ ಸಿಟ್ಟು ಅದು, ಅದನ್ನು ನಾನು ಬಲ್ಲೆ. ಆದರೆ ನಮ್ಮ ಅಜ್ಜ ಹೊಗೆ ಹಾಕಲು ಹೋಗುತ್ತಿರಲಿಲ್ಲ. ತೋಳ ತನ್ನ ಪಾಲು ತೆಗೆದುಕೊಂಡಿತು ಎನ್ನುತ್ತಿದ್ದ, ಹಟ್ಟಿಯ ಮುಳ್ಳುಬೇಲಿ ಗಟ್ಟಿ ಮಾಡುತ್ತಿದ್ದ.

ಈಗ ತೋಳ ಕೊಂದರೆ ವನ್ಯಜೀವಿ ಕಾಯ್ದೆಯಡಿ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ ಎಂದು ಅರಣ್ಯ ಇಲಾಖೆಯವರು ಹಟ್ಟಿಗೇ ಬಂದು ತಿಳಿಸಿದ್ದಾರೆ. ತೋಳಕ್ಕೆ ಏಳು ವರ್ಷ, ಅದರ ತಮ್ಮನಂಥ ನಾಯಿಗೆ ಐವತ್ತು ರೂಪಾಯಿ. ಈ ಲೆಕ್ಕ ಮಾಡಿದವರು ಯಾರು?

ಹೊಲಿಗೆ ಯಂತ್ರ:
ಎಲ್ಲರ ಮಾತನ್ನೂ ಓದುತ್ತಿದ್ದೇನೆ. ಕರಿಯ ಬದುಕಿದೆ. 1962ಕ್ಕೆ ಕರೆ ಮಾಡಿದೆ, ವೈದ್ಯರು ಬಂದರು. ಸೊಂಟದ ಮೂಳೆ ಮುರಿದಿದೆ, ಬೆನ್ನುಹುರಿ ಉಳಿದಿದೆ ಎಂದು ಹಾಳೆಯಲ್ಲಿ ಬರೆದುಕೊಟ್ಟರು. ಈಗ ನನ್ನ ಮನೆಯ ಹಿಂದೆ ಗೋಣಿಚೀಲದ ಮೇಲೆ ಮಲಗಿದೆ. ಮತ್ತೆ ಠಾಣೆಗೆ ಹೋಗಬೇಕು. ನಿಜ ಹೇಳುತ್ತೇನೆ, ಧೈರ್ಯ ಸಾಲುತ್ತಿಲ್ಲ.

ನಿವೃತ್ತ ಹವಾಲ್ದಾರ್:
ಅಮ್ಮಾ, ಮೂವತ್ತಮೂರು ವರ್ಷ ಖಾಕಿ ಹಾಕಿದವನು ನಾನು. ನಿಮಗೆ ಉತ್ತರ ಕೊಟ್ಟವರ ಜಾಗದಲ್ಲಿ ನಾನೂ ಕೂತಿದ್ದೆ, ನಾನೂ ಹೀಗೆಯೇ ಜನರನ್ನು ವಾಪಸು ಕಳಿಸಿದ್ದೇನೆ. ಕೊಲೆ, ಕಳ್ಳತನ, ಬಂದೋಬಸ್ತ್ ನಡುವೆ ನಾಯಿ ದೂರು ಬಂದರೆ ಯಾರಿಗೆ ಬೇಕು ಅನ್ನಿಸುತ್ತಿತ್ತು. ಒಮ್ಮೆ ಒಬ್ಬ ಹುಡುಗ ಬಂದು, ಪಕ್ಕದ ಮನೆಯಾತ ಬೆಕ್ಕಿನ ಮರಿಗಳನ್ನು ಚೀಲದಲ್ಲಿ ಕಟ್ಟಿ ಗೋಡೆಗೆ ಬಡಿದ ಎಂದ. ಗದರಿಸಿ ಕಳಿಸಿದೆ. ಒಂದೂವರೆ ವರ್ಷದ ಮೇಲೆ ಅದೇ ಮನೆಗೆ ನಾನು ಪಂಚನಾಮೆಗೆ ಹೋದೆ. ಹೆಂಡತಿ ಉಳಿದಿರಲಿಲ್ಲ. ಗೋಡೆಯನ್ನು ನೋಡಿದಾಗ ಆ ಹುಡುಗನ ಮುಖ ನೆನಪಾಯಿತು. ಅಂದು ಒಂದು ಸಾಲು ಬರೆದಿದ್ದರೆ ಆಕೆ ಉಳಿಯುತ್ತಿದ್ದಳು ಎಂದು ನಾನು ಹೇಳಲಾರೆ. ಬರೆಯಲಿಲ್ಲ ಎನ್ನುವುದು ಮಾತ್ರ ನನ್ನನ್ನು ಬಿಟ್ಟಿಲ್ಲ.

ಅದಕ್ಕೇ ಹೇಳುತ್ತೇನೆ, ಬಾಯಿಮಾತು ಬೇಡ. ಬರವಣಿಗೆಯಲ್ಲಿ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸಹಿ, ಮೊಹರು ಕೇಳಿ. 325 ಎಂದು ನಮೂದಿಸಿ. ಅವರು ಇದು ಎನ್‌ಸಿ, ಅಂದರೆ ನ್ಯಾಯಾಲಯದ ಅಪ್ಪಣೆ ಇಲ್ಲದೆ ತನಿಖೆ ಮಾಡಲಾಗದ ಪ್ರಕರಣ ಎಂದರೂ ಪುಸ್ತಕದಲ್ಲಿ ದಾಖಲಿಸಿ ನಿಮ್ಮನ್ನು ಮ್ಯಾಜಿಸ್ಟ್ರೇಟ್ ಕಡೆಗೆ ಕಳಿಸಬೇಕು, ಹದಿನೈದು ದಿನಕ್ಕೊಮ್ಮೆ ಆ ವರದಿ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ತೆಗೆದುಕೊಳ್ಳಲೇ ಇಲ್ಲ ಎಂದರೆ ಅದನ್ನೇ ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಿ.

ವಕಾಲತ್ತು ರಾಯಚೂರು:
ಹವಾಲ್ದಾರ್ ಸಾಹೇಬರ ಮಾತಿಗೆ ಕೈ ಮುಗಿಯುತ್ತೇನೆ. ಶಿಕ್ಷೆ ಹೆಚ್ಚಾಗಬೇಕು, ಒಪ್ಪುತ್ತೇನೆ. ಇಂಗ್ಲೆಂಡಿನಲ್ಲಿ ಗರಿಷ್ಠ ಶಿಕ್ಷೆ ಆರು ತಿಂಗಳಿತ್ತು, 2021ರಲ್ಲಿ ಐದು ವರ್ಷಕ್ಕೆ ಏರಿಸಿದರು. ಆದರೆ ನನ್ನ ಅನುಭವದಲ್ಲಿ ಐವತ್ತು ರೂಪಾಯಿ ದಂಡಕ್ಕಿಂತ ದೊಡ್ಡ ಕೇಡು ದಾಖಲಾಗದೆ ಹೋಗುವುದು. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ 2016ರಿಂದ ಪ್ರಾಣಿ ಹಿಂಸೆಯನ್ನು ಪ್ರತ್ಯೇಕ ಅಪರಾಧವಾಗಿ ಎಣಿಸಲು ಶುರು ಮಾಡಿತು. ಎಣಿಸಿದರೆ ತಾನೇ ಯಾವ ಮನೆ, ಯಾವ ಬೀದಿ ಎಂದು ಕಾಣುವುದು?

ಹೆಸರು ಬೇಡ:
ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಾನು ಆ ಎದುರು ಮನೆಯಂಥ ಮನೆಯಲ್ಲಿ ಒಂಬತ್ತು ವರ್ಷ ಇದ್ದವಳು. ಸ್ವಸಹಾಯ ಸಂಘದ ಸಾಲದಲ್ಲಿ ಎರಡು ಮೇಕೆ ತಂದಿದ್ದೆ, ಐದಾದವು. ಅವು ನನ್ನ ಬ್ಯಾಂಕು, ನನ್ನ ತವರು. ಮಗಳ ಫೀಸು, ನನ್ನ ಮಾತ್ರೆ ಎಲ್ಲವೂ ಅವುಗಳಿಂದ. ತವರಿಗೆ ಹೋಗುತ್ತೇನೆ ಎಂದ ದಿನ ಆತ ನನಗೆ ಹೊಡೆಯಲಿಲ್ಲ. ಗಬ್ಬದ ಮೇಕೆಯನ್ನು ಹಗ್ಗ ಹಿಡಿದು ಅಂಗಳಕ್ಕೆ ಎಳೆದು ತಂದ, ನನ್ನನ್ನು ಕೂರಿಸಿ ನೋಡು ಎಂದ. ನೋಡಿದೆ. ಇಷ್ಟು ಸಾಕು, ಮುಂದೆ ಬರೆಯಲಾರೆ.

ಆಮೇಲೆ ನಾಲ್ಕು ವರ್ಷ ನಾನು ತವರಿನ ಮಾತೆತ್ತಲಿಲ್ಲ. ಉಳಿದ ನಾಲ್ಕು ಮೇಕೆ ಬಿಟ್ಟು ಹೋಗಲು ಮನಸ್ಸಾಗಲಿಲ್ಲ, ಅವುಗಳ ಗತಿ ಏನಾಗುತ್ತದೆ ಎಂದು ಗೊತ್ತಿತ್ತು. ಹೊರಗಿನವರಿಗೆ ಇದು ಹುಚ್ಚು ಅನ್ನಿಸಬಹುದು. ಕೊನೆಗೆ ಅಣ್ಣ ಟಂಟಂ ತಂದು ನನ್ನನ್ನು, ಮಗಳನ್ನು, ಮೇಕೆಗಳನ್ನು ಒಟ್ಟಿಗೆ ಹತ್ತಿಸಿಕೊಂಡು ಹೋದ. ಹೊಲಿಗೆ ಯಂತ್ರದ ಅಕ್ಕಾ, ಆ ಹೆಂಗಸಿಗೆ ಬುದ್ಧಿ ಹೇಳಬೇಡಿ, ಬಿಟ್ಟು ಹೋಗು ಎನ್ನಬೇಡಿ. ಆಕೆಯ ಎದುರು ಆತನನ್ನು ಬೈಯಬೇಡಿ. ಆಕೆ ಮಾತನಾಡಿದ ದಿನ ನಂಬಿ, ಅಷ್ಟು ಸಾಕು.

ಮೂರನೇ ಬೆಂಚು:
ತಾಯೀ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಸಿರುಗುಪ್ಪದ ಅಪ್ಪ:
ಅಕ್ಕಾ, ನಿಮಗೂ ಮಗಳಿಗೂ ಒಳ್ಳೆಯದಾಗಲಿ. ಮೇಲೆ ನಾನು ಕೇಳಿದ ಪ್ರಶ್ನೆಯ ದನಿ ಸರಿ ಇರಲಿಲ್ಲ.

ವಕಾಲತ್ತು ರಾಯಚೂರು:
ಸಹೋದರಿ, ನಿಮ್ಮಂಥವರಿಗೆ ತಿಳಿದಿರಲಿ ಎಂದು ಬರೆಯುತ್ತೇನೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ, ಆಕೆಗೆ ಬೇಕಾದ ವ್ಯಕ್ತಿಗೆ ನೋವು ಮಾಡುತ್ತೇನೆ ಎಂದು ಪದೇ ಪದೇ ಬೆದರಿಸುವುದು ಭಾವನಾತ್ಮಕ ದೌರ್ಜನ್ಯ. ಪ್ರಾಣಿ ಎಂಬ ಪದ ಅಲ್ಲಿ ಇಲ್ಲ, ಇರಬೇಕಿತ್ತು. ಆದರೆ ಆಕೆಯ ಚರಾಸ್ತಿಯನ್ನು ಕೈಬಿಟ್ಟು ಹೋಗುವಂತೆ ಮಾಡುವುದು ಆರ್ಥಿಕ ದೌರ್ಜನ್ಯ ಎಂದಿದೆ. ಸಂಘದ ಸಾಲದ ಮೇಕೆ ಚರಾಸ್ತಿಯೇ. ಜೊತೆಗೆ 325 ಕೂಡ ಬರುತ್ತದೆ. ಅರ್ಜಿಯನ್ನು ಸಂರಕ್ಷಣಾಧಿಕಾರಿಗೆ ಕೊಡಬೇಕು, ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಆ ಹೊಣೆ ಹೊತ್ತಿರುತ್ತಾರೆ. ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ತಕ್ಷಣದ ಅಪಾಯಕ್ಕೆ 112.

ಮೂರನೇ ಬೆಂಚು:
ಹುಡುಗನ ಬಗ್ಗೆ ಒಂದು ಮಾತು. ನಾನು ಕುಷ್ಟಗಿ ಕಡೆ ಪ್ರಾಥಮಿಕ ಶಾಲೆಯಲ್ಲಿದ್ದೇನೆ. ಕೆಲವು ವರ್ಷದ ಹಿಂದೆ ನಾಲ್ಕನೇ ತರಗತಿಯ ಒಬ್ಬ ಓತಿಕ್ಯಾತಗಳಿಗೆ ಸುತಳಿ ಕಟ್ಟಿ ನೇತುಹಾಕುತ್ತಿದ್ದ. ನಾನು ಹೊಡೆದೆ. ಆತ ಅಳದೆ ನನ್ನ ಕೈಯನ್ನೇ ನೋಡಿದ. "ಸರ್, ನೀವು ಮೆತ್ತಗೆ ಹೊಡೆಯುತ್ತೀರಿ" ಎಂದ. ಅಂದಿನಿಂದ ನಾನು ಕೋಲು ಮುಟ್ಟಿಲ್ಲ. ಮರುವಾರ ಶಾಲೆಯ ಬಾಳೆಗಿಡಕ್ಕೆ ನೀರು ಹಾಕುವ ಕೆಲಸ, ಅಳಿಲುಗಳಿಗೆ ಕಾಳು ಇಡುವ ಕೆಲಸ ಆತನಿಗೆ ಕೊಟ್ಟೆ. ಮನೆಯ ವಿಷಯಕ್ಕೆ 1098ರವರನ್ನು ಕರೆಸಿದೆ. ಈಗ ಹೈಸ್ಕೂಲಿನಲ್ಲಿದ್ದಾನೆ, ಕಂಡಾಗ ಸೈಕಲ್ ನಿಲ್ಲಿಸಿ ಮಾತನಾಡಿಸುತ್ತಾನೆ.

ಮನಶ್ಶಾಸ್ತ್ರ ಓದು:
ಮೇಷ್ಟ್ರೇ, ಮಕ್ಕಳ ನಡವಳಿಕೆಯ ಸಮಸ್ಯೆ ಗುರುತಿಸುವ ಅಮೆರಿಕದ ಮನೋವೈದ್ಯಕೀಯ ಕೈಪಿಡಿಯಲ್ಲಿ ಪ್ರಾಣಿ ಹಿಂಸೆಯನ್ನು 1987ರಲ್ಲೇ ಲಕ್ಷಣವಾಗಿ ಸೇರಿಸಿದ್ದಾರೆ. ಕಂಡ ತಕ್ಷಣ ಮನೆಯ ಕಡೆಗೂ ನೋಡಿದಿರಲ್ಲ, ಅದೇ ಬೇಕಾದದ್ದು. 1874ರಲ್ಲಿ ನ್ಯೂಯಾರ್ಕಿನಲ್ಲಿ ಮೇರಿ ಎಲನ್ ಎಂಬ ಹುಡುಗಿಯನ್ನು ಸಾಕಿದವರು ಹೊಡೆದು ಹಿಂಸಿಸುತ್ತಿದ್ದರು. ಮಕ್ಕಳ ರಕ್ಷಣೆಗೆ ಯಾವ ಸಂಘವೂ ಇಲ್ಲದ ಕಾಲ. ಒಬ್ಬ ಹೆಂಗಸು ಹೋಗಿ ಬಾಗಿಲು ತಟ್ಟಿದ್ದು ಪ್ರಾಣಿ ದಯಾ ಸಂಘ ಕಟ್ಟಿದ ಹೆನ್ರಿ ಬರ್ಗ್ ಅವರದು. ಅವರ ನೆರವಿನಿಂದ ಮೊಕದ್ದಮೆ ನಡೆಯಿತು, ಆಮೇಲೆ ಮಕ್ಕಳ ರಕ್ಷಣೆಯ ಸಂಘವೇ ಹುಟ್ಟಿತು.

ಹಂಪಿ ದಾರಿ:
ನಮ್ಮಲ್ಲಿ ಜಿಲ್ಲೆಗೊಂದು ಪ್ರಾಣಿ ದಯಾ ಸಂಘ ಇರಬೇಕು ಎಂದು ನಿಯಮ ಇದೆಯಂತೆ, ಹೌದೇ?

ಪಶುವೈದ್ಯ ಬಳ್ಳಾರಿ:
ಹೌದು, 2001ರ ನಿಯಮ. ಸಭೆ ಯಾವಾಗ ನಡೆಯಿತು, ಏನು ತೀರ್ಮಾನವಾಯಿತು ಎಂದು ನಿಮ್ಮ ಜಿಲ್ಲೆಯಲ್ಲಿ ಮಾಹಿತಿ ಹಕ್ಕಿನಡಿ ಕೇಳಿ. ಕೇಳುವವರಿದ್ದರೆ ಸಭೆ ನಡೆಯುತ್ತದೆ.

ಎರೆಹೊಲ ಮಾನ್ವಿ:
ನಮ್ಮ ಪಂಚಾಯಿತಿಯಲ್ಲಿ 37 ಡಿಗ್ರಿಯ ನಿಯಮ ಗೋಡೆಗೆ ಬರೆಸಲು ಒಪ್ಪಿದ್ದಾರೆ. ಬಣ್ಣದ ಖರ್ಚು ನನ್ನದು.

ಹೊಲಿಗೆ ಯಂತ್ರ:
ಎಂಟು ದಿನದ ಮೇಲೆ ಬರೆಯುತ್ತಿದ್ದೇನೆ. ದೂರಿನ ಎರಡು ಪ್ರತಿ, ವೈದ್ಯರ ಹಾಳೆ ಒಯ್ದೆ. ಮೊದಲು ಬೇಡ ಎಂದರು. ಹವಾಲ್ದಾರ್ ಸಾಹೇಬರು ಹೇಳಿದಂತೆ, ತೆಗೆದುಕೊಳ್ಳದಿದ್ದರೆ ಅಂಚೆಯಲ್ಲಿ ಕಳಿಸುತ್ತೇನೆ ಎಂದೆ. ಅಲ್ಲಿದ್ದ ಒಬ್ಬ ಮಹಿಳಾ ಸಿಬ್ಬಂದಿ ಕಾಗದ ಕೈಗೆ ತೆಗೆದುಕೊಂಡು ಪೂರ್ತಿ ಓದಿದರು, ಸಹಿ ಹಾಕಿ ಮೊಹರು ಒತ್ತಿ ಒಂದು ಪ್ರತಿ ವಾಪಸು ಕೊಟ್ಟರು. ಎಫ್‌ಐಆರ್ ಇನ್ನೂ ಆಗಿಲ್ಲ. ಎದುರು ಮನೆಯಾತನನ್ನು ಕರೆಸಿ ಕೇಳಿದ್ದಾರೆ. ಆತ ಈಗ ನನ್ನ ಕಿಟಕಿಯ ಕಡೆ ನೋಡುವುದಿಲ್ಲ. ನಾನು ಕಿಟಕಿ ಮುಚ್ಚಿಲ್ಲ.

ಹುಡುಗ ಶಾಲೆ ಬಿಟ್ಟ ಮೇಲೆ ಹಿತ್ತಲಿನಿಂದ ಬರುತ್ತಾನೆ. ಗ್ಲುಕೋಸ್ ಬಿಸ್ಕತ್ತನ್ನು ನೀರಿನಲ್ಲಿ ಅದ್ದಿ, ಮೆತ್ತಗಾದ ಮೇಲೆ ಕರಿಯನ ಬಾಯಿಯ ಹತ್ತಿರ ಹಿಡಿಯುತ್ತಾನೆ. ಮಾತು ಕಡಿಮೆ. ನಿನ್ನೆ ಮಾತ್ರ "ಅತ್ತೆ, ಇದರ ಕಾಲು ಮತ್ತೆ ಬರುತ್ತದೆಯೇ" ಎಂದು ಕೇಳಿದ.

ಇವತ್ತು ಆತನ ತಾಯಿ ರವಿಕೆ ಹೊಲಿಸಲು ಬಂದಿದ್ದಳು. ತೋಳಿನ ಅಳತೆ ತೆಗೆಯುವಾಗ ಆಕೆ ಕೈ ಹಿಂದಕ್ಕೆ ಎಳೆದುಕೊಂಡಳು. ನಾನು ಟೇಪು ಸುತ್ತಿ ಇಟ್ಟೆ, ಹಳೆಯ ರವಿಕೆ ಕೊಡಿ, ಅದರ ಅಳತೆಗೇ ಹೊಲಿಯುತ್ತೇನೆ ಎಂದೆ. ಹೆಸರು ಬೇಡ ಎಂದ ತಂಗಿಯ ಮಾತು ನೆನಪಿನಲ್ಲಿಟ್ಟುಕೊಂಡು ಏನನ್ನೂ ಕೇಳಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, "ನಾಯಿಯ ಬಗ್ಗೆ ಬರೆದು ಕೊಟ್ಟಿರಂತೆ. ಅಲ್ಲಿ ಹೆಂಗಸರು ಇರುತ್ತಾರೆಯೇ" ಎಂದಳು. ಇರುತ್ತಾರೆ ಎಂದೆ. ಅಳತೆ ಚೀಟಿಯ ಹಿಂದೆ 181 ಎಂದು ಬರೆದು ಆಕೆಯ ಕೈಯಲ್ಲಿಟ್ಟೆ. ಮಡಿಸಿ ಸೆರಗಿನ ಗಂಟಿಗೆ ಕಟ್ಟಿಕೊಂಡಳು. ರವಿಕೆ ಶುಕ್ರವಾರಕ್ಕೆ ಬೇಕಂತೆ.

ಹೆಸರು ಬೇಡ:
ಶುಕ್ರವಾರ ಆಕೆ ಬಂದರೆ ಒಂದು ಲೋಟ ಚಹಾ ಕೊಡಿ ಅಕ್ಕಾ. ಬೇಗ ಕಳಿಸಬೇಡಿ.

ವಕಾಲತ್ತು ರಾಯಚೂರು:
1960ರ ಕಾಯ್ದೆಯಡಿ ಮೊಕದ್ದಮೆ ಹೂಡಲು ಮೂರು ತಿಂಗಳ ಗಡುವಿದೆ, ಅದು ತಪ್ಪದಿರಲಿ. ಮೊಹರಿನ ಪ್ರತಿಯ ಫೋಟೋ ತೆಗೆದು ಇನ್ನೊಬ್ಬರ ಮೊಬೈಲ್‌ನಲ್ಲೂ ಇರಿಸಿ.

ಹೊಲಿಗೆ ಯಂತ್ರ:
ತಂಗಿಯ ಮೊಬೈಲ್‌ಗೆ ಕಳಿಸಿದೆ ಸರ್. ಕರಿಯ ಇವತ್ತು ಮುಂಗಾಲು ಊರಿ ಎದ್ದು ಕೂತಿತ್ತು.